ಪ್ರತಿನಾಯಕನ ಆಕರ್ಷಣೆ: ರನ್ನ, ನಾಗಚಂದ್ರ, ಜನ್ನರ ಕಾವ್ಯಗಳ ಹಿನ್ನೆಲೆಯಲ್ಲಿ ಒಂದು ವಿವೇಚನೆ

೧

ಹಳಗನ್ನಡ ಕಾವ್ಯಗಳನ್ನು ತರಗತಿಯಲ್ಲಿ ಪಾಠ ಮಾಡುವವರಿಗೆಲ್ಲ ಪರಿಚಿತವಾದ ಒಂದು ಸಂಗತಿಯಿದೆ. ರನ್ನನ ಗದಾಯುದ್ಧದ ನಾಯಕ ಭೀಮ. ಕಾವ್ಯದ ಇನ್ನೊಂದು ಹೆಸರೇ ಸಾಹಸಭೀಮ ವಿಜಯ. ಕವಿಗೆ ಆಶ್ರಯವಿತ್ತ ಚಾಲುಕ್ಯ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿಯೇ ಕಾವ್ಯದ ಕಟ್ಟಡ ಎದ್ದಿದೆ. ಇಷ್ಟಾಗಿಯೂ ವಿದ್ಯಾರ್ಥಿಯ ನೆನಪಿನಲ್ಲಿ ಉಳಿಯುವವನು ದುರ್ಯೋಧನ. ನಾಗಚಂದ್ರನ ರಾಮಚಂದ್ರಚರಿತ ಪುರಾಣವನ್ನು ಓದಿದವರಿಗೆ ಅಲ್ಲಿಯ ರಾಮ ಹೇಗಿದ್ದನೆಂದು ಕೇಳಿದರೆ ಕ್ಷಣಕಾಲ ಯೋಚಿಸಬೇಕಾಗುತ್ತದೆ. ರಾವಣನ ವಿಷಯದಲ್ಲಿ ಯೋಚನೆ ಬೇಕಾಗುವುದಿಲ್ಲ. ಜನ್ನನ ಅನಂತನಾಥ ಪುರಾಣವಂತೂ ಹದಿನಾಲ್ಕನೆಯ ತೀರ್ಥಂಕರನ ಚರಿತೆ. ಆದರೆ ಸಾಹಿತ್ಯಾಭ್ಯಾಸಿಗಳಲ್ಲಿ ಅದರ ಹೆಸರು ಉಳಿದಿರುವುದು ಬಹುಮಟ್ಟಿಗೆ ಚಂಡಶಾಸನನೆಂಬ ಪರಸ್ತ್ರೀ ಅಪಹಾರಕನ ಉಪಕಥೆಯಿಂದ.

ಕೆಟ್ಟದ್ದನ್ನು ಮಾಡಿದವನು ಓದುಗನ ಮನಸ್ಸನ್ನು ಹೀಗೆ ಹಿಡಿದಿಡುವುದು ಯಾವುದರ ಬಲದಿಂದ? ಇದಕ್ಕೆ ನಮ್ಮ ವಿಮರ್ಶೆಯಲ್ಲಿ ಎರಡು ಸಿದ್ಧ ಉತ್ತರಗಳಿವೆ. ಅವನ ಪರಾಕ್ರಮ, ವೈಭವ, ಕುಲ ಮುಂತಾದ ಹಿರಿಮೆಗಳಿಂದ ಎಂಬುದು ಒಂದು. ಅವನು ನಿಜವಾಗಿ ದುಷ್ಟನಲ್ಲ, ವಿಧಿಗೋ ಸ್ವಭಾವದ ಒಂದು ದೋಷಕ್ಕೋ ಬಲಿಯಾದ ದುರಂತ ನಾಯಕ ಎಂಬುದು ಇನ್ನೊಂದು. ಮೊದಲನೆಯದು ಅಲಂಕಾರಶಾಸ್ತ್ರದಿಂದ ಬಂದುದು, ಎರಡನೆಯದು ಇಪ್ಪತ್ತನೆಯ ಶತಮಾನದಲ್ಲಿ ಗ್ರೀಕ್ ರುದ್ರನಾಟಕದ ಪರಿಚಯದಿಂದ ಬಂದುದು. ಎರಡೂ ಸಾಲವೆಂಬುದು ಪ್ರಸ್ತುತ ಲೇಖನದ ನಿಲುವು. ಈ ಮೂರು ಕಾವ್ಯಗಳನ್ನು ಒಟ್ಟಿಗಿಟ್ಟು ನೋಡಿದಾಗ ಬೇರೊಂದು ಅಂಶ ಮುಂದೆ ಬರುತ್ತದೆ: ಪ್ರತಿನಾಯಕನಿಗೆ ತನ್ನ ಕೃತ್ಯ ಕಾಣುವಂತೆ ಕವಿ ಎಲ್ಲಿ ಬಿಡುವು ಕೊಡುತ್ತಾನೆ, ಆ ಬಿಡುವಿನಲ್ಲಿ ಅವನ ಕಣ್ಣೆದುರಿಗೆ ಯಾರನ್ನು ನಿಲ್ಲಿಸುತ್ತಾನೆ ಎಂಬುದು.

೨

ಪ್ರತಿನಾಯಕನ ಹಿರಿಮೆಯ ಪ್ರಶ್ನೆ ನಮ್ಮ ಕಾವ್ಯಮೀಮಾಂಸೆಯಲ್ಲಿ ಬಹು ಹಳೆಯದು. ಭಾಮಹ ತನ್ನ ಕಾವ್ಯಾಲಂಕಾರದಲ್ಲಿ ಒಂದು ಆಕ್ಷೇಪವನ್ನು ಎತ್ತುತ್ತಾನೆ. ಒಬ್ಬನನ್ನು ಕುಲ, ವೀರ್ಯ, ವಿದ್ಯೆಗಳಿಂದ ಹೊಗಳಿ ಕಾವ್ಯದಲ್ಲಿ ಪ್ರವೇಶಗೊಳಿಸಿ, ಅನಂತರ ಮತ್ತೊಬ್ಬನ ಉತ್ಕರ್ಷಕ್ಕಾಗಿ ಅವನ ವಧೆಯನ್ನು ಹೇಳಬಾರದು. ಕಾವ್ಯಶರೀರವನ್ನು ವ್ಯಾಪಿಸದವನಿಗೆ, ಅಭ್ಯುದಯದಲ್ಲಿ ಪಾಲಿಲ್ಲದವನಿಗೆ ಮೊದಲ ಸ್ತುತಿ ವ್ಯರ್ಥ ಎಂಬುದು ಅವನ ಅಭಿಪ್ರಾಯ. ದಂಡಿ ಕಾವ್ಯಾದರ್ಶದಲ್ಲಿ ಇದನ್ನು ಒಪ್ಪುವುದಿಲ್ಲ. ನಾಯಕನ ಗುಣಗಳನ್ನು ಮೊದಲು ಹೇಳಿ ಅವನಿಂದ ಶತ್ರುಗಳ ಪರಾಭವವನ್ನು ತೋರಿಸುವುದು ಸಹಜವಾದ ದಾರಿಯೇ ಸರಿ. ಆದರೆ ಶತ್ರುವಿನ ವಂಶ, ವೀರ್ಯ, ಶ್ರುತಗಳನ್ನೂ ವರ್ಣಿಸಿ, ಅಂಥವನನ್ನು ಗೆದ್ದನೆಂಬುದರಿಂದ ನಾಯಕನ ಹಿರಿಮೆಯನ್ನು ಹೇಳುವುದು ತನಗೆ ಸಂತೋಷ ಕೊಡುತ್ತದೆ ಎನ್ನುತ್ತಾನೆ.

ಮೇಲುನೋಟಕ್ಕೆ ದಂಡಿಯ ಮಾತು ಉದಾರವಾದುದು. ಆದರೆ ಅವನ ಲೆಕ್ಕದಲ್ಲಿ ಪ್ರತಿನಾಯಕನ ಗುಣ ನಾಯಕನ ಖಾತೆಗೆ ಜಮೆಯಾಗುವ ಬಂಡವಾಳವೇ ಹೊರತು ಅವನ ಸ್ವಂತದ್ದಲ್ಲ. ಈ ದೃಷ್ಟಿಯಿಂದ ಭಾಮಹನ ಆಕ್ಷೇಪವೇ ಹೆಚ್ಚು ಸೂಕ್ಷ್ಮವಾದುದೆಂದು ನನಗೆ ತೋರುತ್ತದೆ. ಶತ್ರುವನ್ನು ಹೊಗಳಿದರೆ ಓದುಗನ ಒಲವು ಅತ್ತ ಸರಿಯುತ್ತದೆ, ಆಮೇಲೆ ಅದನ್ನು ಹಿಂದಕ್ಕೆ ತರುವುದು ಕಷ್ಟ ಎಂಬ ಅಪಾಯವನ್ನು ಅವನು ಗ್ರಹಿಸಿದ್ದನೆಂದು ಆ ಮಾತಿನಿಂದ ಊಹಿಸಬಹುದು. ಕನ್ನಡ ಕವಿಗಳು ಈ ಅಪಾಯಕ್ಕೆ ಕೈಹಾಕಿದವರು.

ಧನಂಜಯನ ದಶರೂಪಕ ಪ್ರತಿನಾಯಕನನ್ನು ಲೋಭಿ, ಧೀರೋದ್ಧತ, ಹಟಮಾರಿ, ಪಾಪಕಾರಿ, ವ್ಯಸನಿಯಾದ ಶತ್ರುವೆಂದು ಲಕ್ಷಣೀಕರಿಸುತ್ತದೆ. ವ್ಯಾಖ್ಯಾನಕಾರ ಧನಿಕ ಕೊಡುವ ಉದಾಹರಣೆಗಳು ರಾಮನಿಗೆ ರಾವಣ, ಯುಧಿಷ್ಠಿರನಿಗೆ ದುರ್ಯೋಧನ. ಪ್ರಾಸಂಗಿಕವಾಗಿ ಒಂದು ಮಾತು: ಧನಂಜಯನಿಗೆ ಆಶ್ರಯವಿತ್ತ ಮಾಳವದ ಮುಂಜನನ್ನು ಸೆರೆಹಿಡಿದು ಕೊಲ್ಲಿಸಿದವನು ಇಮ್ಮಡಿ ತೈಲಪ, ಆ ತೈಲಪನ ಮಗನೇ ರನ್ನನ ಸತ್ಯಾಶ್ರಯ. ಪ್ರತಿನಾಯಕನ ಲಕ್ಷಣ ಹೇಳಿದ ಆಸ್ಥಾನವೂ ಆ ಲಕ್ಷಣವನ್ನು ಮೀರಿದ ದುರ್ಯೋಧನನನ್ನು ಕಡೆದ ಆಸ್ಥಾನವೂ ಒಂದೇ ಕಾಲದವು, ಪರಸ್ಪರ ಶತ್ರುಗಳು. ಇದರಿಂದ ಯಾವ ತೀರ್ಮಾನವನ್ನೂ ತೆಗೆಯಬೇಕಾಗಿಲ್ಲವಾದರೂ ಲಕ್ಷಣಗ್ರಂಥಕ್ಕೂ ಲಕ್ಷ್ಯಕಾವ್ಯಕ್ಕೂ ಇರುವ ಅಂತರ ಕಾಲದ ಅಂತರವಲ್ಲ ಎಂಬುದಂತೂ ಸ್ಪಷ್ಟ.

೩

ಎರಡನೆಯ ಉತ್ತರದ ಹಿಂದೆ ಬಿ.ಎಂ. ಶ್ರೀಕಂಠಯ್ಯನವರಿದ್ದಾರೆ. ೧೯೨೬ರಲ್ಲಿ ಅವರು ರನ್ನನ ಕಾವ್ಯವನ್ನು ಗದಾಯುದ್ಧ ನಾಟಕಂ ಎಂದು ರಂಗರೂಪಕ್ಕೆ ತಂದರು. ನಾಗಚಂದ್ರನ ರಾವಣನನ್ನು ಗ್ರೀಕ್ ರುದ್ರನಾಟಕದ ಬೆಳಕಿನಲ್ಲಿ ನೋಡಿ ಇಂಗ್ಲಿಷಿನಲ್ಲಿ ಬರೆದ ಅವರ ಪ್ರಬಂಧ ಆ ಪಾತ್ರದ ಓದನ್ನೇ ಬದಲಿಸಿತು. ಅವರ ಈ ಕಾರ್ಯಕ್ಕೆ ಕನ್ನಡ ವಿಮರ್ಶೆ ಋಣಿಯಾಗಿದೆ. ಧರ್ಮಕಾವ್ಯವೆಂದು ಬದಿಗಿಟ್ಟಿದ್ದ ಪುಟಗಳಲ್ಲಿ ಮನುಷ್ಯಪಾತ್ರವಿದೆಯೆಂದು ತೋರಿಸಿದವರಲ್ಲಿ ಅವರು ಪ್ರಮುಖರು.

ಆದರೆ ಆ ಚೌಕಟ್ಟಿಗೆ ಒಂದು ಬೆಲೆಯಿದೆ. ಅರಿಸ್ಟಾಟಲನು ಕಾವ್ಯಮೀಮಾಂಸೆಯಲ್ಲಿ ಪೂರ್ಣ ದುಷ್ಟನ ಪತನ ಕರುಣೆಯನ್ನಾಗಲಿ ಭಯವನ್ನಾಗಲಿ ಹುಟ್ಟಿಸದು ಎನ್ನುತ್ತಾನೆ. ರುದ್ರನಾಯಕ ತೀರ ಒಳ್ಳೆಯವನೂ ಅಲ್ಲದ, ನೀಚತನದಿಂದಲ್ಲದೆ ಒಂದು ಪ್ರಮಾದದಿಂದ ಬಿದ್ದ ವ್ಯಕ್ತಿಯಾಗಿರಬೇಕು. ಅಂದರೆ ದುರ್ಯೋಧನನನ್ನೋ ರಾವಣನನ್ನೋ ಈ ಚೌಕಟ್ಟಿಗೆ ತರಬೇಕಾದರೆ ಮೊದಲು ಅವನ ಕೃತ್ಯವನ್ನು ಪ್ರಮಾದವೆಂದು ಕರೆಯಬೇಕಾಗುತ್ತದೆ. ಸಭೆಯಲ್ಲಿ ಒಬ್ಬ ಹೆಣ್ಣಿನ ಸೀರೆಗೆ ಕೈಹಾಕಿಸಿದ್ದು, ಮತ್ತೊಬ್ಬನ ಹೆಂಡತಿಯನ್ನು ಹೊತ್ತೊಯ್ದದ್ದು ಪ್ರಮಾದವಾಗಿಬಿಡುತ್ತದೆ. ದುರಂತ ನಾಯಕನೆಂದ ಕೂಡಲೇ ಪ್ರತಿನಾಯಕನ 'ಪ್ರತಿ' ಕಳಚಿಬೀಳುತ್ತದೆ. ಅವನು ಯಾರಿಗೆ ಪ್ರತಿಯಾಗಿದ್ದನೋ, ಯಾರನ್ನು ನೋಯಿಸಿದ್ದನೋ ಅವರು ವಿಮರ್ಶೆಯ ಪುಟದಿಂದ ಹೊರಗುಳಿಯುತ್ತಾರೆ. ದುರ್ಯೋಧನನ ಬಗ್ಗೆ ವಿದ್ಯಾರ್ಥಿಗಳು ಬರೆಯುವ ಉತ್ತರಗಳಲ್ಲಿ ದ್ರೌಪದಿಯ ಹೆಸರು ಎಷ್ಟು ಸಲ ಬರುತ್ತದೆಂಬುದನ್ನು ಉತ್ತರಪತ್ರಿಕೆ ತಿದ್ದುವ ಯಾವ ಅಧ್ಯಾಪಕರಾದರೂ ಗಮನಿಸಬಹುದು.

ಇಂದಿನ ಕಥನಗಳಲ್ಲಿ ಕಾಣುವ ಇನ್ನೊಂದು ಒಲವೂ ಇದೇ ದಾರಿಯದು. ಖಳನಿಗೆ ಬಾಲ್ಯದ ಒಂದು ಗಾಯ, ಹಿಂದಿನ ಒಂದು ಅವಮಾನ, ಸಮಾಜದ ಒಂದು ಅನ್ಯಾಯವನ್ನು ಕಾರಣವಾಗಿ ಜೋಡಿಸಿ ಅವನನ್ನು ಸಮರ್ಥಿಸುವ ಪುನರ್ನಿರೂಪಣೆಗಳು ಈಗ ಎಲ್ಲೆಡೆ ಇವೆ. ಇವುಗಳಿಂದ ಪಾತ್ರ ಅರ್ಥವಾಗುತ್ತದೆ, ನಿಜ. ಅರ್ಥವಾದುದೆಲ್ಲ ನಮ್ಮನ್ನು ಹಿಡಿದು ನಿಲ್ಲಿಸುವುದಿಲ್ಲ. ಶೇಕ್ಸ್‌ಪಿಯರನ ಇಯಾಗೊ ತನ್ನ ದ್ವೇಷಕ್ಕೆ ಒಂದರ ಮೇಲೊಂದು ಕಾರಣ ಹುಡುಕುತ್ತಾನೆ. ಆ ಕಾರಣಗಳು ಯಾವುವೂ ಸಾಲುವುದಿಲ್ಲವೆಂಬುದನ್ನು ಕೋಲರಿಜ್ ಬಹು ಹಿಂದೆಯೇ ಗುರುತಿಸಿದ್ದ. ಇಯಾಗೊನ ಹಿಡಿತ ಇರುವುದು ಆ ಸಾಲದಿರುವಿಕೆಯಲ್ಲಿಯೇ.

೪

ಈಗ ರನ್ನನ ದುರ್ಯೋಧನನನ್ನು ನೋಡಬಹುದು. ಪಂಪ ೯೪೧ರಲ್ಲಿ ಮುಗಿಸಿದ ವಿಕ್ರಮಾರ್ಜುನ ವಿಜಯದ ಕೊನೆಯ ಭಾಗದಲ್ಲಿ ಭಾರತದ ಒಬ್ಬೊಬ್ಬ ವ್ಯಕ್ತಿಯನ್ನು ಒಂದೊಂದು ಗುಣದಿಂದ ಗುರುತಿಸುವಾಗ ದುರ್ಯೋಧನನಿಗೆ ಕೊಟ್ಟುದು ಛಲವನ್ನು. ರನ್ನ ಆ ಒಂದು ಪದವನ್ನು ಹಿಡಿದು ಕಾವ್ಯವನ್ನೇ ಬೆಳೆಸಿದ. ಭಾಸನ ಊರುಭಂಗ, ಭಟ್ಟನಾರಾಯಣನ ವೇಣೀಸಂಹಾರಗಳ ನೆರಳೂ ಅವನ ಮೇಲಿದೆ. ಈ ಆಕರಗಳ ಚರ್ಚೆ ಸಾಕಷ್ಟು ನಡೆದಿರುವುದರಿಂದ ಇಲ್ಲಿ ಅದನ್ನು ಬೆಳೆಸುವುದಿಲ್ಲ.

ಗಮನಿಸಬೇಕಾದುದು ರನ್ನ ಮಾಡಿದ ಕಾಲದ ವಿನ್ಯಾಸವನ್ನು. ಹದಿನೆಂಟು ದಿನಗಳ ಯುದ್ಧದ ಕೊನೆಯ ದಿನವನ್ನಷ್ಟೇ ಅವನು ಎದುರಿಗಿಟ್ಟುಕೊಂಡು ಹಿಂದಿನದೆಲ್ಲವನ್ನೂ ಸಿಂಹಾವಲೋಕನ ಕ್ರಮದಿಂದ ತರುತ್ತಾನೆ. ಇದರಿಂದ ದುರ್ಯೋಧನನಿಗೆ ಕಥೆಯಲ್ಲಿ ಮಾಡುವುದಕ್ಕೆ ಏನೂ ಉಳಿದಿಲ್ಲ. ಸಂಚು ಹೂಡುವ ಕಾಲ ಮುಗಿದಿದೆ, ಸೈನ್ಯವಿಲ್ಲ, ತಮ್ಮಂದಿರಿಲ್ಲ. ಉಳಿದಿರುವುದು ಸಂಜಯನ ಜೊತೆಯಲ್ಲಿ ರಣರಂಗದ ನಡುವೆ ಭೀಷ್ಮರಿರುವ ಕಡೆಗೆ ಒಂದು ನಡಿಗೆ. ಸಂಚು ಹೂಡುವ ಖಳ ಕಥೆಯನ್ನು ಮುಂದಕ್ಕೆ ತಳ್ಳುತ್ತಾನೆ. ಆಗ ಓದುಗನ ಕಣ್ಣು ಸಂಚಿನ ಮೇಲಿರುತ್ತದೆ. ಸಂಚು ಮುಗಿದ ಮೇಲೂ ಉಳಿದವನನ್ನು ನೋಡುವಾಗ ಕಣ್ಣು ಅವನ ಮೇಲೆಯೇ ನಿಲ್ಲಬೇಕಾಗುತ್ತದೆ. ರನ್ನನ ದೊಡ್ಡ ಶೋಧವೆಂದರೆ ಈ ನಡಿಗೆ. ಮರುಳುಗಳ ಅಣಕದ ನಡುವೆ, ಹೆಣಗಳ ನಡುವೆ ಸಾಗುವ ಚಕ್ರವರ್ತಿಯ ಪಕ್ಕದಲ್ಲಿ ಕೇಳುವುದಕ್ಕೆ ಒಬ್ಬ ಸಂಜಯ ಮಾತ್ರ.

ದಾರಿಯಲ್ಲಿ ಅವನಿಗೆ ಎದುರಾಗುವ ಹೆಣಗಳಲ್ಲಿ ಒಂದೊಂದರ ಮುಂದೆಯೂ ದುರ್ಯೋಧನ ಬೇರೆ ಬೇರೆ ಮನುಷ್ಯನಾಗುತ್ತಾನೆ. ದ್ರೋಣನ ಮುಂದೆ ಶಿಷ್ಯ. ಮಗ ಲಕ್ಷಣಕುಮಾರನ ಮುಂದೆ, ಮಗನಿಂದ ತರ್ಪಣ ಪಡೆಯಬೇಕಾದ ತಾನೇ ಮಗನಿಗೆ ಅದನ್ನು ಕೊಡಬೇಕಾದ ತಂದೆ. ದುಶ್ಶಾಸನನ ಮುಂದೆ, ಎಲ್ಲದರಲ್ಲಿಯೂ ತನ್ನ ಹಿಂದೆ ಬಂದ ತಮ್ಮ ಸಾವಿನಲ್ಲಿ ಮಾತ್ರ ಮುಂದಾದನೆಂದು ದುಃಖಿಸುವ ಅಣ್ಣ. ಕರ್ಣನ ಮುಂದೆ ಅವನಾಡುವ ಮಾತು ಎಲ್ಲಕ್ಕಿಂತ ಗಂಭೀರವಾದುದು. ಕರ್ಣನ ಜನ್ಮರಹಸ್ಯ ಕುಂತಿಗೆ, ಕೃಷ್ಣನಿಗೆ, ಸೂರ್ಯನಿಗೆ, ಸಹದೇವನಿಗೆ ತಿಳಿದಿದ್ದಂತೆ ತನಗೂ ತಿಳಿದಿತ್ತೆಂದು ಅವನು ಹೇಳುತ್ತಾನೆ. ಈ ಮಾತನ್ನು ಸ್ನೇಹದ ಪರಾಕಾಷ್ಠೆಯೆಂದು ವಿವರಿಸುವುದು ವಾಡಿಕೆ. ಅದು ಸ್ನೇಹವೂ ಹೌದು. ಜೊತೆಗೆ ಒಂದು ಒಪ್ಪಿಗೆಯೂ ಹೌದು. ಅಣ್ಣನನ್ನು ತಮ್ಮಂದಿರ ವಿರುದ್ಧ ನಿಲ್ಲಿಸುತ್ತಿದ್ದೇನೆಂದು ತಿಳಿದೇ ನಿಲ್ಲಿಸಿದೆ ಎಂಬ ಅರ್ಥ ಅದರೊಳಗಿದೆ. ಅಜ್ಞಾನದಿಂದ ತಪ್ಪು ಮಾಡಿದವನನ್ನು ನಾವು ಮರುಗಬಹುದು, ಮರೆಯಲೂಬಹುದು. ತಿಳಿದೂ ಮಾಡಿದವನು ಅದನ್ನು ತನ್ನ ಬಾಯಿಂದ ಹೇಳಿದಾಗ ಮರೆಯುವುದು ಸುಲಭವಲ್ಲ. ಈ ನೆಲಕ್ಕಾಗಿ ತಾನು ಕಾದುತ್ತಿಲ್ಲ, ಛಲಕ್ಕಾಗಿ ಕಾದುತ್ತಿದ್ದೇನೆ, ಕರ್ಣನನ್ನು ಕೊಲ್ಲಿಸಿದ ನೆಲ ತನಗೆ ಹಾಳುನೆಲವೆಂದು ಅವನು ಸಂಧಿಯ ಮಾತನ್ನು ತಳ್ಳಿಹಾಕುವುದೂ ಇದೇ ತಿಳಿವಿನಿಂದ. ಲೋಭಿಯೆಂಬ ದಶರೂಪಕದ ಲಕ್ಷಣ ಇಲ್ಲಿ ಬಿದ್ದುಹೋಗುತ್ತದೆ. ಹಟಮಾರಿಯೆಂಬ ಲಕ್ಷಣ ಉಳಿಯುತ್ತದೆ, ಆದರೆ ಅದು ದೋಷವೋ ಗುಣವೋ ಎಂದು ಹೇಳಲಾಗದಷ್ಟು ಬೆಳೆದು ಉಳಿಯುತ್ತದೆ.

ಅಭಿಮನ್ಯುವಿನ ದೇಹದ ಮುಂದೆ ನಡೆಯುವುದನ್ನು ಬೇರೆಯಾಗಿಯೇ ನೋಡಬೇಕು. ಆ ದಾರಿಯಲ್ಲಿ ಅವನು ತನ್ನವರೆಂದು ಕಣ್ಣೀರಿಡುವ ಹೆಣಗಳ ನಡುವೆ ಶತ್ರುಪಕ್ಷದ ಈ ಬಾಲಕನಿದ್ದಾನೆ. ಹಲವರು ಕೂಡಿ ಒಬ್ಬನನ್ನು ಸುತ್ತುವರಿದು ಕೊಂದದ್ದು ಕೌರವಪಕ್ಷದ ಕೃತ್ಯ. ದುರ್ಯೋಧನ ಅಲ್ಲಿ ನಿಲ್ಲುತ್ತಾನೆ, ಅವನ ಸಾಹಸವನ್ನು ಕೊಂಡಾಡುತ್ತಾನೆ, ಕೈಮುಗಿಯುತ್ತಾನೆ, ಅಂತಹ ಸಾವು ತನಗೂ ದೊರೆಯಲೆಂದು ಹಾರೈಸುತ್ತಾನೆ. ಔದಾರ್ಯದ ದೃಷ್ಟಿಯಿಂದ ಇದು ಬಹು ದೊಡ್ಡ ಕ್ಷಣವೆಂಬುದರಲ್ಲಿ ಸಂಶಯವಿಲ್ಲ. ಆದರೆ ಅವನು ನೋಡಿದ್ದು ವೀರನನ್ನು, ಬಲಿಯಾದವನನ್ನಲ್ಲ. ಕೊಂದ ಕ್ರಮದ ಕಡೆಗೆ ಅವನ ಮನಸ್ಸು ತಿರುಗುವುದಿಲ್ಲ. ವೀರಕ್ಕೆ ವೀರ ತಲೆಬಾಗಿದಾಗ ಅನ್ಯಾಯದ ಪ್ರಶ್ನೆ ಏಳದೆಯೇ ಉಳಿಯುತ್ತದೆ.

ಇದಕ್ಕಿಂತ ಮುಖ್ಯವಾದುದು ಆ ದಾರಿಯಲ್ಲಿ ಇಲ್ಲದಿರುವ ವ್ಯಕ್ತಿ. ಗದಾಯುದ್ಧದ ಆರಂಭದ ಭಾಗದಲ್ಲಿ ಬಿಚ್ಚಿದ ಮುಡಿಯ ದ್ರೌಪದಿಯಿದ್ದಾಳೆ. ಸಂಧಿಯಾಗಿಬಿಟ್ಟೀತೆಂಬ ಅವಳ ಅಳುಕು, ಭೀಮನಿಗೆ ಅವಳು ಮಾಡುವ ನೆನಪು ಇದೆ. ಕಾವ್ಯದ ಅಂತ್ಯದಲ್ಲಿ ಭೀಮ ಅವಳ ಮುಡಿಯನ್ನು ಕಟ್ಟುತ್ತಾನೆ. ನಡುವಿನ ದುರ್ಯೋಧನನ ನಡಿಗೆಯಲ್ಲಿ ಅವಳಿಲ್ಲ. ಅಣ್ಣ, ತಂದೆ, ಮಗ, ಗೆಳೆಯ, ಶಿಷ್ಯನಾಗಿ ಅವನು ಅಳುತ್ತಾನೆ; ಸಭೆಯ ಆ ದಿನವನ್ನು ನೆನೆದು ಅಳುವುದಿಲ್ಲ. ರನ್ನನ ದುರ್ಯೋಧನನ ಮೇಲೆ ನಮಗೆ ಮೂಡುವ ಅನುಕಂಪ ಇಷ್ಟು ನಿರ್ಬಾಧವಾಗಿರುವುದಕ್ಕೆ ಈ ಗೈರುಹಾಜರಿಯೂ ಒಂದು ಕಾರಣ. ಕವಿ ಅವನ ದುಃಖವನ್ನು ಬೆಳಗಿದ್ದಾನೆ, ಅಪರಾಧವನ್ನು ಕಾವ್ಯದ ಎರಡು ತುದಿಗಳಲ್ಲಿ ಇಟ್ಟಿದ್ದಾನೆ. ಇದನ್ನು ರನ್ನನ ದೋಷವೆನ್ನಲು ನನಗೆ ಮನಸ್ಸಿಲ್ಲ. ತುದಿಗಳಲ್ಲಿಯಾದರೂ ಅವಳನ್ನು ಇಟ್ಟವನು ಅವನೇ. ಅಲ್ಲಿಂದ ಅವಳನ್ನು ಕೈಬಿಟ್ಟವರು ನಾವು.

೫

ನಾಗಚಂದ್ರ ಸುಮಾರು ೧೧೦೦ರ ಹೊತ್ತಿನ ಕವಿ. ಅವನ ರಾವಣನನ್ನು ಅರಿಯಲು ಜೈನ ರಾಮಕಥೆಯ ಹಿನ್ನೆಲೆ ಅಗತ್ಯ. ಜೈನ ಪರಂಪರೆ ಎಣಿಸುವ ೬೩ ಶಲಾಕಾಪುರುಷರಲ್ಲಿ ೨೪ ತೀರ್ಥಂಕರರು, ೧೨ ಚಕ್ರವರ್ತಿಗಳು, ೯ ಬಲದೇವರು, ೯ ವಾಸುದೇವರು, ೯ ಪ್ರತಿವಾಸುದೇವರು ಸೇರುತ್ತಾರೆ. ರಾವಣ ಪ್ರತಿವಾಸುದೇವ, ರಾಮ ಬಲದೇವ, ರಾವಣನನ್ನು ಕೊಲ್ಲುವವನು ವಾಸುದೇವನಾದ ಲಕ್ಷ್ಮಣ. ಎದುರಾಳಿಯನ್ನೂ ಮಹಾಪುರುಷರ ಪಟ್ಟಿಯೊಳಗೇ ಸೇರಿಸಿದ ಈ ವ್ಯವಸ್ಥೆ ಭಾಮಹನ ಆಕ್ಷೇಪಕ್ಕೆ ಅನಾಯಾಸವಾದ ಪರಿಹಾರ. ಇಲ್ಲಿ ರಾವಣ ರಾಕ್ಷಸನಲ್ಲ, ರಾಕ್ಷಸವಂಶದ ವಿದ್ಯಾಧರ. ಹತ್ತು ತಲೆಗಳು ಹಾರದ ರತ್ನಗಳಲ್ಲಿ ಮೂಡಿದ ಪ್ರತಿಬಿಂಬಗಳು.

ಇಷ್ಟರಿಂದಲೇ ಪಾತ್ರ ಆಕರ್ಷಕವಾಗುವುದಿಲ್ಲ. ತಲೆಗಳನ್ನು ಹತ್ತರಿಂದ ಒಂದಕ್ಕೆ ಇಳಿಸುವುದು ವೈಚಾರಿಕತೆಯ ಕೆಲಸ, ಕಾವ್ಯದ್ದಲ್ಲ. ಒಲ್ಲದ ಪರಸ್ತ್ರೀಯನ್ನು ಬಲಾತ್ಕರಿಸೆನೆಂಬ ವ್ರತವೂ ಅವನಿಗಿದೆ. ನಳಕೂಬರನ ಹೆಂಡತಿ ಉಪರಂಭೆ ತಾನಾಗಿ ಒಲಿದು ಬಂದಾಗ ಅವಳನ್ನು ನಿರಾಕರಿಸಿ ಗಂಡನಲ್ಲಿಗೆ ಹೋಗೆಂದು ತಿಳಿಹೇಳಿದವನು ಈ ರಾವಣ. ಸಾಮಾನ್ಯವಾಗಿ ಇದನ್ನು ಅವನ ಶೀಲಕ್ಕೆ ಸಾಕ್ಷಿಯಾಗಿ ಉದ್ಧರಿಸಲಾಗುತ್ತದೆ. ಅವಳಿಂದ ಕೋಟೆಯನ್ನು ಭೇದಿಸುವ ವಿದ್ಯೆಯನ್ನು ಪಡೆದುಕೊಂಡ ಮೇಲೆಯೇ ಆ ಉಪದೇಶ ಬಂದಿತೆಂಬುದನ್ನೂ ಜೊತೆಗೆ ನೆನೆಯಬೇಕು. ಅವನ ಸದಾಚಾರದಲ್ಲಿಯೂ ಗೆಲ್ಲುವವನ ಲೆಕ್ಕಾಚಾರವಿದೆ. ಮುಂದೆ ಬರುವ ತಿರುವಿಗೆ ಈ ವಿವರ ಬಹು ಮುಖ್ಯ.

ಬಹುರೂಪಿಣೀ ವಿದ್ಯೆಯನ್ನು ಸಾಧಿಸಿಕೊಂಡು ರಾವಣ ಸೀತೆಯ ಬಳಿಗೆ ಬರುತ್ತಾನೆ. ಶಕ್ತಿಯ ದೃಷ್ಟಿಯಿಂದ ಅದು ಅವನ ಉತ್ತುಂಗ. ಇನ್ನು ರಾಮಲಕ್ಷ್ಮಣರು ಉಳಿಯುವುದಿಲ್ಲವೆಂಬ ಅವನ ಮಾತನ್ನು ಕೇಳಿ ಸೀತೆ ಮೂರ್ಛೆ ಹೋಗುತ್ತಾಳೆ. ಆ ಮೂರ್ಛೆಯನ್ನು ಕಂಡು ರಾವಣನ ಮನಸ್ಸು ತಿರುಗುತ್ತದೆ. ಇಲ್ಲಿ ಯಾರೂ ಅವನಿಗೆ ಉಪದೇಶ ಮಾಡುತ್ತಿಲ್ಲ. ಉಪದೇಶ ಮಾಡಿದ ವಿಭೀಷಣನನ್ನು ಅವನು ಹಿಂದೆಯೇ ಕಳೆದುಕೊಂಡಿದ್ದಾನೆ. ಸೋಲಿನ ಭಯವೂ ಕಾರಣವಲ್ಲ. ತನ್ನ ಮಾತಿನಿಂದ ಒಂದು ಜೀವ ಕಣ್ಣೆದುರಿಗೇ ಕುಸಿದದ್ದನ್ನು ಅವನು ನೋಡಿದ, ಅಷ್ಟೆ. ಆ ತನಕ ಅವನಿಗೆ ಸೀತೆಯೆಂದರೆ ಬಯಕೆಯ ವಸ್ತು, ತನ್ನ ಸೋಲುಗೆಲುವಿನ ವಿಷಯ. ಆ ಕ್ಷಣದಲ್ಲಿ ಅವಳು ತನ್ನ ಹೊರಗಿರುವ ಮತ್ತೊಂದು ಜೀವವಾಗುತ್ತಾಳೆ. ಒಲಿದವರಿಬ್ಬರನ್ನು ಅಗಲಿಸಿದೆನೆಂಬ, ಹಿತ ಹೇಳಿದ ತಮ್ಮನನ್ನು ದೂರಮಾಡಿದೆನೆಂಬ ಪಶ್ಚಾತ್ತಾಪ ಅದರ ಹಿಂದೆಯೇ ಬರುತ್ತದೆ.

ಈ ತಿರುವು ನಾಗಚಂದ್ರನ ಸ್ವಂತ ಸೃಷ್ಟಿಯಲ್ಲ. ವಿಮಲಸೂರಿಯ ಪಉಮಚರಿಯದ ಪರಂಪರೆಯಲ್ಲಿಯೇ ಅದರ ಬೀಜವಿದೆ. ಕನ್ನಡ ಕವಿಯ ಹಿರಿಮೆಯನ್ನು ಹೇಳುವ ಉತ್ಸಾಹದಲ್ಲಿ ಈ ಋಣವನ್ನು ಮರೆಸುವುದು ಸಲ್ಲದು. ಪಂಪರಾಮಾಯಣದ ವೈಶಿಷ್ಟ್ಯ ಆ ಬೀಜವನ್ನು ಪಾತ್ರದ ಕೇಂದ್ರವಾಗಿ ಮಾಡಿದುದರಲ್ಲಿದೆ.

ಮನಸ್ಸು ತಿರುಗಿದ ರಾವಣ ಸೀತೆಯನ್ನು ಒಡನೆಯೇ ಹಿಂದಿರುಗಿಸಬಹುದಿತ್ತು. ಹಿಂದಿರುಗಿಸುವುದಿಲ್ಲ. ಈಗ ಒಪ್ಪಿಸಿದರೆ ಹೆದರಿ ಕೊಟ್ಟನೆಂದು ಲೋಕ ಅಂದೀತು. ಯುದ್ಧದಲ್ಲಿ ರಾಮಲಕ್ಷ್ಮಣರನ್ನು ಗೆದ್ದು ಸೆರೆಹಿಡಿದು ಆಮೇಲೆ ಸೀತೆಯನ್ನು ಒಪ್ಪಿಸುವೆನೆಂದು ನಿಶ್ಚಯಿಸುತ್ತಾನೆ. ಪ್ರತಿನಾಯಕನ ಸ್ವರೂಪವನ್ನು ಇಷ್ಟು ನಿಖರವಾಗಿ ಹಿಡಿದ ಸನ್ನಿವೇಶ ನಮ್ಮ ಹಳೆಯ ಸಾಹಿತ್ಯದಲ್ಲಿ ಮತ್ತೊಂದಿಲ್ಲವೆಂಬುದು ನನ್ನ ಭಾವನೆ. ಬಯಕೆ ಅಳಿದಿದೆ, ಆದರೆ ಬಯಕೆಯನ್ನು ಹೊತ್ತಿದ್ದ ಅಹಂಕಾರ ಅಳಿದಿಲ್ಲ. ಪಾಪವನ್ನು ಬಿಡಲು ಅವನು ಸಿದ್ಧ. ಪಾಪವನ್ನು ಬಿಟ್ಟವನಂತೆ ಕಾಣಿಸಿಕೊಳ್ಳಲು ಸಿದ್ಧನಲ್ಲ. ಉಪರಂಭೆಯ ಪ್ರಸಂಗದಲ್ಲಿ ಶೀಲವನ್ನೂ ಗೆಲುವನ್ನೂ ಒಟ್ಟಿಗೆ ಪಡೆದವನು ಇಲ್ಲಿಯೂ ಎರಡನ್ನೂ ಒಟ್ಟಿಗೆ ಪಡೆಯಲು ಹವಣಿಸುತ್ತಾನೆ. ಅಲ್ಲಿ ಸಾಧ್ಯವಾದದ್ದು ಇಲ್ಲಿ ಸಾಧ್ಯವಾಗುವುದಿಲ್ಲ. ತಾನು ಪ್ರಯೋಗಿಸಿದ ಚಕ್ರವೇ ಲಕ್ಷ್ಮಣನ ಕೈಸೇರಿ ಅವನನ್ನು ಕೊಲ್ಲುತ್ತದೆ.

ಓದುಗ ಇಲ್ಲಿ ಸಿಕ್ಕಿಬೀಳುವುದು ರಾವಣನ ಹಿರಿಮೆಗಾಗಿ ಅಲ್ಲ, ಪಶ್ಚಾತ್ತಾಪಕ್ಕಾಗಿಯೂ ಅಲ್ಲ. ಆ ಎರಡು ನಿರ್ಧಾರಗಳ ನಡುವಿನ ಕಿರಿದಾದ ಜಾಗ ತನಗೂ ಪರಿಚಿತವೆನಿಸುವುದರಿಂದ. ಹತ್ತು ತಲೆಯವನು ದೂರದವನು. ತಪ್ಪೆಂದು ತಿಳಿದ ಮೇಲೂ ಮರ್ಯಾದೆಗಾಗಿ ಇನ್ನೊಂದು ದಿನ ಮುಂದುವರಿಸುವವನು ನಮ್ಮ ಮನೆಯವನು. ಸೀತೆಯ ಮೂರ್ಛೆ ಆ ಸನ್ನಿವೇಶದಲ್ಲಿಯೇ ಇರುವುದರಿಂದ ಇಲ್ಲಿಯ ಅನುಕಂಪ ಅವಳನ್ನು ಮರೆಸಿ ಹುಟ್ಟಿದ ಅನುಕಂಪವಲ್ಲ. ಈ ಅಂಶದಲ್ಲಿ ನಾಗಚಂದ್ರ ರನ್ನನಿಗಿಂತ ಒಂದು ಹೆಜ್ಜೆ ಮುಂದಿದ್ದಾನೆ, ಭಾಷೆಯ ಕಸುವಿನಲ್ಲಿ ಅವನ ಹಿಂದಿದ್ದರೂ.

೬

ಜನ್ನನ ಚಂಡಶಾಸನ ೧೨೩೦ರ ಸೃಷ್ಟಿ. ಗೆಳೆಯ ವಸುಷೇಣನ ಮನೆಗೆ ಅತಿಥಿಯಾಗಿ ಬಂದವನು ಅವನ ರಾಣಿ ಸುನಂದೆಯನ್ನು ಕಂಡು ಮೋಹಿಸಿ ಅಪಹರಿಸುತ್ತಾನೆ. ಅವಳು ಒಲಿಯುವುದಿಲ್ಲ. ವಸುಷೇಣ ದಂಡೆತ್ತಿ ಬಂದಾಗ, ಅವಳ ಆಸೆಯನ್ನು ಮುರಿಯಲೆಂದು ಗಂಡನ ಕಡಿದ ತಲೆಯೆಂದು ನಂಬಿಸಿ ಒಂದು ತಲೆಯನ್ನು ತೋರಿಸುತ್ತಾನೆ. ಅವಳ ಪ್ರಾಣ ಹೋಗುತ್ತದೆ. ಅವಳ ಚಿತೆಯಲ್ಲಿ ಚಂಡಶಾಸನನೂ ಸುಟ್ಟುಕೊಂಡು ಸಾಯುತ್ತಾನೆ.

ನಾಗಚಂದ್ರನ ಕಥೆಯೊಡನೆ ಇದರ ಹೋಲಿಕೆ ಕಣ್ಣಿಗೆ ಹೊಡೆಯುವಂತಿದೆ: ಎರಡರಲ್ಲಿಯೂ ಅಪಹರಣ, ಎರಡರಲ್ಲಿಯೂ ಗಂಡನ ಸಾವಿನ ಮಾತು, ಎರಡರಲ್ಲಿಯೂ ಕುಸಿಯುವ ಹೆಣ್ಣು. ಸೀತೆ ಮೂರ್ಛೆಯಿಂದ ಎಚ್ಚತ್ತಳು, ಸುನಂದೆ ಏಳಲಿಲ್ಲ. ಆದ್ದರಿಂದ ರಾವಣನಿಗೆ ದೊರೆತ ಅವಕಾಶ ಚಂಡಶಾಸನನಿಗೆ ದೊರೆಯುವುದಿಲ್ಲ. ಹಿಂದಿರುಗಿಸುವುದಕ್ಕೆ ಯಾರೂ ಉಳಿದಿಲ್ಲ. ಅವನ ಚಿತಾಪ್ರವೇಶವನ್ನು ಉದಾತ್ತ ಪ್ರೇಮದ ಸಾಕ್ಷಿಯೆಂದು ಓದುವುದುಂಟು. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಬದುಕಿದ್ದಾಗ ತನ್ನನ್ನು ಒಲ್ಲದವಳನ್ನು ಸತ್ತ ಮೇಲೂ ಬಿಡದಿರುವುದು ಅಪಹರಣದ ಮುಂದುವರಿಕೆಯೇ. ಗಂಡನಿಗೆ ಅವಳ ಬೂದಿಯನ್ನೂ ಒಬ್ಬಂಟಿಯಾಗಿ ಉಳಿಸದ ಕೃತ್ಯವದು. ಆದರೂ ಅದನ್ನು ಕೇವಲ ಪಾಪವೆಂದು ತಳ್ಳಿಹಾಕಲೂ ಜನ್ನ ಬಿಡುವುದಿಲ್ಲ. ಪ್ರಾಣವನ್ನೇ ತೆತ್ತ ಮೇಲೆ ಆ ಬಯಕೆಯನ್ನು ಹಗುರವೆನ್ನುವಂತಿಲ್ಲ. ಓದುಗ ಎರಡು ತೀರ್ಪುಗಳ ನಡುವೆ ನಿಲ್ಲಬೇಕಾಗುತ್ತದೆ, ಮತ್ತು ಕವಿ ಅವನನ್ನು ಅಲ್ಲಿಯೇ ಬಿಟ್ಟು ವಸುಷೇಣನ ವೈರಾಗ್ಯದ ಕಡೆಗೆ ಹೊರಟುಬಿಡುತ್ತಾನೆ. ಪುರಾಣದ ಭವಾವಳಿಯಲ್ಲಿ ಚಂಡಶಾಸನ ಮುಂದೆ ಪ್ರತಿವಾಸುದೇವನಾಗಿ ಹುಟ್ಟಿ ಮತ್ತೆ ಹತನಾಗುವುದು ಲೆಕ್ಕ ತೀರಿಸುವ ವ್ಯವಸ್ಥೆ; ಅದನ್ನು ಓದುವಾಗ ಅವನು ಆಗಲೇ ನಮ್ಮಿಂದ ದೂರವಾಗಿರುತ್ತಾನೆ.

ಇದೇ ಕವಿ ೧೨೦೯ರಲ್ಲಿ ಯಶೋಧರ ಚರಿತೆಯನ್ನು ಬರೆದಿದ್ದ. ಅಲ್ಲಿಯ ಅಮೃತಮತಿ ಮಾವುತನ ಹಾಡನ್ನು ಕೇಳಿ ಮನಸೋಲುವ ಭಾಗದಲ್ಲಿ, ಒಲವಿಗೆ ರೂಪ ಅಡ್ಡಿಯಲ್ಲವೆಂದು ಕೆಳದಿಯೊಡನೆ ವಾದಿಸುವ ಭಾಗದಲ್ಲಿ ಅವಳಿಗೆ ತುಂಬು ಅಂತರಂಗವಿದೆ. ಗಂಡನಿಗೂ ಅತ್ತೆಗೂ ವಿಷವಿಕ್ಕಿದ ಮೇಲೆ ಒಂದು ಕ್ಷಣದ ಬಿಡುವೂ ಇಲ್ಲ. ಅವಳಿಗೆ ದೊರೆಯುವುದು ರೋಗ ಮತ್ತು ನರಕ. ಗಂಡು ಪ್ರತಿನಾಯಕನಿಗೆ ಕೃತ್ಯದ ಅನಂತರ ದೊರೆಯುವ ಏಕಾಂತ ಹೆಣ್ಣಿಗೆ ದೊರೆಯದಿರುವುದು ಜನ್ನನೊಬ್ಬನ ಮಾತಲ್ಲ. ಗಿರೀಶ ಕಾರ್ನಾಡರು ಈ ಕಥೆಯನ್ನು ಹಿಟ್ಟಿನ ಹುಂಜ (೧೯೮೦) ನಾಟಕವಾಗಿಸಿದಾಗ ರಾಣಿಗೆ ಮಾತು ದೊರೆಯಿತು; ಅದು ಪ್ರತ್ಯೇಕ ಲೇಖನದ ವಿಷಯ.

೭

ಬಿಡುವಿಗೂ ವಾದಕ್ಕೂ ಇರುವ ವ್ಯತ್ಯಾಸವನ್ನು ಇಲ್ಲಿ ಸ್ಪಷ್ಟಪಡಿಸಬೇಕು. ಕರಾವಳಿಯ ತಾಳಮದ್ದಳೆಯಲ್ಲಿ ಕೌರವನ, ರಾವಣನ ಅರ್ಥ ಹೇಳುವುದಕ್ಕೆ ಸಮರ್ಥ ಅರ್ಥಧಾರಿಗಳು ಮುಂದಾಗುತ್ತಾರೆ. ಸ್ವಪಕ್ಷವನ್ನು ತರ್ಕದಿಂದ ಸಮರ್ಥಿಸಿ ಎದುರಾಳಿಯನ್ನು ನಿರುತ್ತರನನ್ನಾಗಿ ಮಾಡುವ ಅವಕಾಶ ಆ ಪಾತ್ರಗಳಲ್ಲಿದೆ. ಆ ವಾಗ್ವೈಭವದ ಸುಖ ಅನುಭವಿಸಿದವರಿಗೇ ಗೊತ್ತು. ಆದರೆ ಅಲ್ಲಿ ಕೌರವ ತನ್ನ ಪರವಾಗಿ ವಾದಿಸುವ ವಕೀಲನಾಗುತ್ತಾನೆ. ವಕೀಲನಿಗೆ ಎದುರುಪಕ್ಷ ಕಾಣುತ್ತದೆ, ತಾನು ಕಾಣುವುದಿಲ್ಲ. ಎದುರಾಳಿಯನ್ನು ನಿರುತ್ತರಗೊಳಿಸಿದ ಕೌರವನನ್ನು ಸಭೆ ಮೆಚ್ಚುತ್ತದೆ. ಮಾತು ಸಾಕಾಗಿ ಅವನೇ ಒಮ್ಮೆ ಸುಮ್ಮನಾದರೆ ಸಭೆ ನಿಶ್ಶಬ್ದವಾಗುತ್ತದೆ. ಈ ಎರಡನ್ನೂ ಒಂದೇ ಪ್ರಸಂಗದಲ್ಲಿ ಸಾಧಿಸಬಲ್ಲ ಕಲಾವಿದರು ವಿರಳ.

ಕುವೆಂಪು ಅವರ ಶ್ರೀರಾಮಾಯಣ ದರ್ಶನಂ ನಾಗಚಂದ್ರನ ದಾರಿಯನ್ನು ಹಿಡಿದು ಅದನ್ನು ಬಹುದೂರ ಒಯ್ಯುತ್ತದೆ. ೧೯೫೫ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ, ೧೯೬೭ನೆಯ ಸಾಲಿನಲ್ಲಿ ಜ್ಞಾನಪೀಠದ ಪ್ರಶಸ್ತಿ ಪಡೆದ ಈ ಮಹಾಕಾವ್ಯದಲ್ಲಿ ರಾವಣನ ಪರಿವರ್ತನೆ ಒಂದು ಸ್ವಪ್ನದಲ್ಲಿ ಸಿದ್ಧಿಸುತ್ತದೆ. ಬಯಸಿದವಳು ಆ ಕನಸಿನಲ್ಲಿ ತಾಯಾಗುತ್ತಾಳೆ, ಅವನು ಅವಳ ಶಿಶುವಾಗುತ್ತಾನೆ. ಪಾಪಿಗೂ ಉದ್ಧಾರವುಂಟೆಂಬ ದರ್ಶನದ ದೃಷ್ಟಿಯಿಂದ ಇದು ಕನ್ನಡ ಕಾವ್ಯದ ಎತ್ತರಗಳಲ್ಲೊಂದು. ಪ್ರತಿನಾಯಕನ ದೃಷ್ಟಿಯಿಂದ ಮಾತ್ರ ಒಂದು ಪ್ರಶ್ನೆ ಉಳಿಯುತ್ತದೆ. ನಾಗಚಂದ್ರನಲ್ಲಿ ರಾವಣ ಕಂಡದ್ದು ನೆಲಕ್ಕೆ ಕುಸಿದ ಸೀತೆಯನ್ನು. ಇಲ್ಲಿ ಅವನು ಕಾಣುವುದು ತನ್ನ ಕನಸಿನ ಸೀತೆಯನ್ನು. ಆ ಕನಸಿನಲ್ಲಿ ಸೀತೆ ಅವನನ್ನು ಕ್ಷಮಿಸಿದ್ದಾಳೆ, ಮಡಿಲಿಗೂ ತೆಗೆದುಕೊಂಡಿದ್ದಾಳೆ. ಎಚ್ಚರದಲ್ಲಿ, ಅಶೋಕವನದಲ್ಲಿ ಕುಳಿತಿರುವ ಸೀತೆಯನ್ನು ಇದರ ಬಗ್ಗೆ ಯಾರೂ ಕೇಳಿಲ್ಲ.